ಹಾಡು ಕಲಿಸುವ ಚಾರ್ಟ್: ಮುಂದೆ ಚಿತ್ರ, ಬೆನ್ನಿಗೆ ಮುಂದಿನ ಸಾಲು

ಏಪ್ರಿಲ್ ಬಂತು ಅಂದರೆ ಕೋಲಾರದ ಕಡೆ ಚರ್ಚುಗಳಲ್ಲಿ ವಿಬಿಎಸ್ ತಯಾರಿ ಶುರು. ರಜೆಯ ಬೈಬಲ್ ಶಾಲೆ. ಸಂಡೇ ಸ್ಕೂಲ್ ಟೀಚರ್‌ಗಳು ಬಣ್ಣದ ಚಾರ್ಟ್, ಗ್ಲಿಟರ್, ಥರ್ಮಾಕೋಲ್ ಎಲ್ಲ ತಂದು, ರಾತ್ರಿ ಹನ್ನೆರಡರವರೆಗೆ ಕೂತು, ಇಡೀ ಹಾಡನ್ನು ಒಂದೇ ಚಾರ್ಟಿನಲ್ಲಿ ಇಪ್ಪತ್ತು ಸಾಲು ಬರೆದು, ಸುತ್ತ ಹೂವಿನ ಬಾರ್ಡರ್ ಹಾಕಿ ಗೋಡೆಗೆ ಅಂಟಿಸುತ್ತಾರೆ. ಪ್ರತಿವರ್ಷ ನೋಡುತ್ತೇನೆ. ಅವರು ಪಟ್ಟ ಕಷ್ಟ ನೆನೆದು ಸಂಕಟವಾಗುತ್ತದೆ. ಮುಂದಿನ ಸಾಲಿನ ನಾಲ್ಕು ಮಕ್ಕಳು ಬಿಟ್ಟರೆ ಅದನ್ನು ಯಾರೂ ಓದುವುದಿಲ್ಲ. ಐದು ವರ್ಷದ ಮಗುವಿಗೆ ಓದೋಕೇ ಬರೋದಿಲ್ಲ. ಏಳು ವರ್ಷದ್ದು ಅಕ್ಷರ ಕೂಡಿಸಿ ಓದುವಷ್ಟರಲ್ಲಿ ಹಾಡು ಎರಡು ಸಾಲು ಮುಂದೆ ಹೋಗಿರುತ್ತದೆ.

ನಮ್ಮ ಜಿಲ್ಲೆಯಲ್ಲಿ ಇನ್ನೊಂದು ಮಾತಿದೆ. ಎಷ್ಟೋ ಮಕ್ಕಳಿಗೆ ಮನೆಯಲ್ಲಿ ತೆಲುಗು. ಕೆಜಿಎಫ್ ಕಡೆ ಆದರೆ ತಮಿಳು. ಶಾಲೆ ಇಂಗ್ಲಿಷ್ ಮೀಡಿಯಂ. ಅಂಥ ಮಗುವಿನ ಮುಂದೆ ಬರೀ ಕನ್ನಡ ಅಕ್ಷರ ಹಿಡಿದರೆ ಅದು ಬಾಯಿ ಆಡಿಸುತ್ತದೆ, ಅಷ್ಟೇ. ಚಿತ್ರ ಹಿಡಿಯಿರಿ. ಒಂದು ಸಾಲಿಗೆ ಒಂದು ಹಾಳೆ, ಒಂದು ಹಾಳೆಗೆ ಒಂದು ಚಿತ್ರ.

ಉದಾಹರಣೆಗೆ ಬೈಬಲ್ಲಿನ 136ನೇ ಕೀರ್ತನೆ ತೆಗೆದುಕೊಳ್ಳೋಣ. ನಿಮ್ಮ ಸಭೆಯಲ್ಲಿ ಯಾವ ರಾಗದಲ್ಲಿ ಹಾಡುತ್ತೀರೋ ಅದೇ ಇರಲಿ. ಅದರಲ್ಲಿ 26 ವಚನ, ಅಂದರೆ ಅಂಕೆ ಹಾಕಿದ ಸಾಲು. ಇಪ್ಪತ್ತಾರರಲ್ಲೂ ಎರಡನೇ ಅರ್ಧ ಒಂದೇ, ಆತನ ಕೃಪೆ ಶಾಶ್ವತ ಅನ್ನುವ ಮಾತು. ಮಕ್ಕಳಿಗೆ ಇದಕ್ಕಿಂತ ಒಳ್ಳೆ ಹಾಡು ಬೇಕಾ? ಆದರೆ 26ನ್ನೂ ಕಲಿಸಲು ಹೋಗಬೇಡಿ. ಮಧ್ಯದಲ್ಲಿ ಐಗುಪ್ತದ (ಈಜಿಪ್ಟಿನ) ಚೊಚ್ಚಲು ಮಕ್ಕಳ ಸಾವು, ಸೀಹೋನ, ಓಗ ಎಂಬ ಅರಸರ ಸಂಹಾರ ಎಲ್ಲ ಬರುತ್ತದೆ. ಅದು ದೊಡ್ಡ ಮಕ್ಕಳಿಗಿರಲಿ. ಚಿಕ್ಕವರಿಗೆ 1, ಆಮೇಲೆ 5ರಿಂದ 9, ಕೊನೆಗೆ 25 ಮತ್ತು 26. ಒಟ್ಟು ಎಂಟು. ಇಷ್ಟು ಸಾಕು.

ಮೊದಲು ಹಾಡನ್ನು ನೀವೇ ಚಪ್ಪಾಳೆ ತಟ್ಟಿಕೊಂಡು ನೋಡದೆ ಹಾಡುವಷ್ಟು ಕಲಿಯಿರಿ. ಆಮೇಲೆ ನಾಲ್ಕು ದಪ್ಪ ಬಿಳಿ ಚಾರ್ಟ್ ತನ್ನಿ. ಅಂಗಡಿಯಲ್ಲಿ ಸಿಗುವುದು 22 ಇಂಚಿಗೆ 28 ಇಂಚಿನದು. ಅರ್ಧಕ್ಕೆ ಕತ್ತರಿಸಿದರೆ 14ಕ್ಕೆ 22ರ ಎಂಟು ಹಾಳೆ ಸಿಗುತ್ತದೆ. ಬಣ್ಣದ ಚಾರ್ಟ್ ಬೇಡವೇ ಬೇಡ. ಗುಲಾಬಿ ಹಾಳೆ ಮೇಲೆ ಹಳದಿ ಸೂರ್ಯ ದೂರಕ್ಕೆ ಕಾಣುವುದೇ ಇಲ್ಲ.

ಇನ್ನು ಚಿತ್ರ. ಎಲ್ಲರೂ ಎಡವುವ ಮೊದಲ ಜಾಗ ಇದೇ, ಅದಕ್ಕೆ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಇಂಟರ್ನೆಟ್‌ನಿಂದ ಪ್ರಿಂಟ್ ತೆಗೆದು ಅಂಟಿಸಬೇಡಿ. ಹಿಮ ಬಿದ್ದ ಬೆಟ್ಟ, ಕೋಟು ಹಾಕಿದ ಮಗು, ಇವು ನಮ್ಮ ಮಕ್ಕಳಿಗೆ ಏನೂ ಹೇಳುವುದಿಲ್ಲ. ಆರನೇ ವಚನದಲ್ಲಿ ನೀರಿನ ಮೇಲೆ ಭೂಮಿಯನ್ನು ಹರಡಿದ ಮಾತು ಬರುತ್ತದಲ್ಲ, ಅಲ್ಲಿ ಕೋಲಾರಮ್ಮನ ಕೆರೆ, ಹಿಂದೆ ಬಂಡೆ ತುಂಬಿದ ಅಂತರಗಂಗೆ ಬೆಟ್ಟ ಬರೆಯಿರಿ. ದಿನಾ ನೋಡುವ ಬೆಟ್ಟ, ನೋಡಿದ ಕೂಡಲೇ ಗುರುತು ಹಿಡಿಯುತ್ತಾರೆ. 25ನೇ ವಚನ ಎಲ್ಲ ಜೀವಿಗಳಿಗೂ ಆಹಾರ ಕೊಡುವವನ ಬಗ್ಗೆ. ಬ್ರೆಡ್ಡು, ಸೇಬು ಬೇಡ. ತಟ್ಟೆಯಲ್ಲಿ ರಾಗಿ ಮುದ್ದೆ, ಪಕ್ಕದಲ್ಲಿ ಹುಲ್ಲು ಮೇಯುವ ಹಸು, ಕಾಳು ಹೆಕ್ಕುವ ಗುಬ್ಬಿ. ಹಸು, ಗುಬ್ಬಿ ಬಿಡಬೇಡಿ. ವಚನ ಹೇಳುವುದು ಎಲ್ಲ ಜೀವಿಗಳ ವಿಷಯ, ಬರೀ ಮನುಷ್ಯರದ್ದಲ್ಲ. ಈ ಕಾರ್ಡ್ ಮೊದಲ ಸಲ ಎತ್ತಿದಾಗ ಹಿಂದಿನ ಸಾಲಿಂದ ಒಬ್ಬ ಹುಡುಗ ಎದ್ದು ನಿಂತು "ಅಕ್ಕಾ, ಮುದ್ದೆ!" ಅಂತ ಕೂಗಿದ. ಆ ಸಾಲನ್ನು ಅವನು ಅವತ್ತೇ ಕಲಿತ.

7, 8, 9 ಮೂರೂ ಬೆಳಕಿನ ವಚನಗಳು. ಏಳರಲ್ಲಿ ದೊಡ್ಡ ಬೆಳಕುಗಳು, ಎಂಟರಲ್ಲಿ ಹಗಲಿಗೆ ಸೂರ್ಯ, ಒಂಬತ್ತರಲ್ಲಿ ರಾತ್ರಿಗೆ ಚಂದ್ರ, ನಕ್ಷತ್ರ. ಸಾಮಾನ್ಯವಾಗಿ ಏಳಕ್ಕೂ ಸೂರ್ಯ, ಎಂಟಕ್ಕೂ ಸೂರ್ಯ ಬರೆದುಬಿಡುತ್ತಾರೆ. ಆಗ ಯಾವ ಸಾಲು ಹಾಡಬೇಕು ಅಂತ ಮಕ್ಕಳಿಗೆ ಗೊತ್ತಾಗೋದಿಲ್ಲ. ಏಳಕ್ಕೆ ಸೂರ್ಯನೂ ಬೇಡ, ಚಂದ್ರನೂ ಬೇಡ. ಹಾಳೆಯ ಅರ್ಧಕ್ಕೆ ಹಳದಿ, ಅರ್ಧಕ್ಕೆ ಕಡುನೀಲಿ ಸಾಕು. ಎಂಟಕ್ಕೆ ಸೂರ್ಯ, ಕೆಳಗೆ ಹೊಲದಲ್ಲಿ ಕೆಲಸ ಮಾಡುವ ಅಮ್ಮ. ಒಂಬತ್ತಕ್ಕೆ ಚಂದ್ರ, ಮಾಳಿಗೆ ಮೇಲೆ ಚಾಪೆ ಹಾಸಿ ಮಲಗಿದ ಮಕ್ಕಳು. ಐದಕ್ಕೆ ಮೋಡ, ಹಕ್ಕಿ ಇರುವ ಬರೀ ಆಕಾಶ. ಒಂದಕ್ಕೂ ಇಪ್ಪತ್ತಾರಕ್ಕೂ ಕೈಯೆತ್ತಿ ಸ್ತೋತ್ರ ಮಾಡುವ ಮಕ್ಕಳು, ಇಪ್ಪತ್ತಾರರಲ್ಲಿ ಮಾತ್ರ ಅವರ ಹಿಂದೆ ಆಕಾಶ ಸೇರಿಸಿ, ಯಾಕೆಂದರೆ ಅಲ್ಲಿ ಪರಲೋಕದ ದೇವರು ಅನ್ನುವ ಮಾತಿದೆ. ದೇವರ ಮುಖ ಮಾತ್ರ ಬರೆಯಬೇಡಿ. ಗಡ್ಡದ ತಾತನ ಚಿತ್ರ ಒಮ್ಮೆ ತಲೆಯಲ್ಲಿ ಕೂತರೆ ದೊಡ್ಡವರಾದ ಮೇಲೂ ಹೋಗುವುದಿಲ್ಲ.

ಬಣ್ಣದ ಬಗ್ಗೆ ಒಂದು ಮಾತು ಹೇಳಲೇಬೇಕು. ಪಾಪಕ್ಕೆ ಕಪ್ಪು, ಶುದ್ಧಿಗೆ ಬಿಳಿ ಅಂತ ತೋರಿಸುವ ರೂಢಿ ಹಳೆಯದು. 1866ರಲ್ಲಿ ಲಂಡನ್ನಿನ ಬೋಧಕ ಸ್ಪರ್ಜನ್ ಅಕ್ಷರವೇ ಇಲ್ಲದ ಪುಸ್ತಕದ ಬಗ್ಗೆ ಪ್ರಸಂಗ ಮಾಡಿದರು, ಕಪ್ಪು, ಕೆಂಪು, ಬಿಳಿ ಮೂರೇ ಪುಟ. ಅಕ್ಷರ ಬಾರದವರಿಗೂ ಕಲಿಸಬಹುದು ಅನ್ನುವ ಆ ವಿಚಾರ ಬಹಳ ದೊಡ್ಡದು. ಆದರೆ ನಮ್ಮ ಮಕ್ಕಳಲ್ಲಿ ಹೆಚ್ಚಿನವರು ಕಪ್ಪಗಿದ್ದಾರೆ. ಪಾಪ ಅಂದರೆ ಕಪ್ಪು ಅಂತ ಹೇಳಿದಾಗ ಒಂದು ಹುಡುಗಿ ತನ್ನ ಕೈ ನೋಡಿಕೊಂಡಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅವತ್ತಿಂದ ನಾನು ಪಾಪಕ್ಕೆ ಹರಿದ, ಕೊಳೆಯಾದ ಬಟ್ಟೆ ಬರೆಯುತ್ತೇನೆ. ಕಪ್ಪು, ಕಡುನೀಲಿ ಎರಡನ್ನೂ ಚಂದ್ರನಿರುವ ರಾತ್ರಿಗೆ ಇಟ್ಟಿದ್ದೇನೆ.

ಬಣ್ಣ ತುಂಬಲು ಪೋಸ್ಟರ್ ಕಲರ್ ಬೇಡ, ಒಣಗಿದ ಮೇಲೆ ಹಾಳೆ ಅಲೆಅಲೆಯಾಗಿ ಸುರುಳುತ್ತದೆ. ಗ್ಲಿಟರ್ ಉದುರಿ ಮಕ್ಕಳ ಕಣ್ಣಿಗೆ ಹೋಗುತ್ತದೆ. ಬಣ್ಣದ ಕಾಗದ ಕತ್ತರಿಸಿ ಅಂಟಿಸಿ, ಸುತ್ತ ದಪ್ಪ ಕಪ್ಪು ಮಾರ್ಕರ್ ಗೆರೆ ಎಳೆಯಿರಿ. ಹಾಲಿನ ಕೊನೆಗೂ ಕಾಣುತ್ತದೆ. ಹೊಳೆಯುವ ಲ್ಯಾಮಿನೇಷನ್ ಮಾಡಿಸಲು ದುಡ್ಡು ಸುರಿಯಬೇಡಿ, ಟ್ಯೂಬ್‌ಲೈಟ್ ಬೆಳಕು ಅದರ ಮೇಲೆ ಬಿದ್ದು ಒಂದು ಕಡೆ ಕೂತವರಿಗೆ ಏನೂ ಕಾಣುವುದಿಲ್ಲ. ನಾಲ್ಕು ಅಂಚಿಗೆ ಸೆಲ್ಲೋ ಟೇಪ್ ಹಾಕಿದರೆ ಸಾಕು.

ಅಕ್ಷರ ಬೇಕೇ ಬೇಕು ಅಂದರೆ ಚಿತ್ರದ ಕೆಳಗೆ ಒಂದೇ ಪದ. ಎರಡು ಇಂಚು ಎತ್ತರ. ಪೆನ್ಸಿಲ್ಲಿನಲ್ಲಿ ಎರಡಲ್ಲ, ಮೂರು ಗೆರೆ ಹಾಕಿಕೊಳ್ಳಿ. ಸ್ತೋತ್ರ, ನಕ್ಷತ್ರ ಇಂಥ ಪದಗಳಲ್ಲಿ ಒತ್ತು ಕೆಳಗೆ ಇಳಿಯುತ್ತದೆ, ಅದಕ್ಕೆ ಜಾಗ ಬಿಡದಿದ್ದರೆ ಹಾಳೆಯ ಅಂಚಿನಲ್ಲಿ ಒತ್ತು ಇರುವೆ ಗಾತ್ರಕ್ಕೆ ಕುಗ್ಗುತ್ತದೆ. ಆಗ ಮಗು ಸ್ತೋತ್ರವನ್ನು ಸೋತ ಅಂತ ಓದುತ್ತದೆ.

ಪಲ್ಲವಿಗೆ, ಅಂದರೆ ಆತನ ಕೃಪೆ ಶಾಶ್ವತ ಅನ್ನುವ ಮಾತಿಗೆ, ಬೇರೆ ವಸ್ತು. ಸೀರೆ ಬಾಕ್ಸಿನ ರಟ್ಟು ದುಂಡಗೆ ಕತ್ತರಿಸಿ, ಬಿದಿರು ಕಡ್ಡಿಗೆ ಕಟ್ಟಿ. ಕೃಪೆಗೆ ಏನು ಬರೆಯೋದು? ಹೃದಯದ ಚಿತ್ರ ಹಾಕಿದರೆ ಮಕ್ಕಳು ಸಿನಿಮಾ ನೆನೆಸಿಕೊಂಡು ನಗುತ್ತಾರೆ. ಪುಟ್ಟ ಮಗುವನ್ನು ಎತ್ತಿಕೊಂಡ ಎರಡು ದೊಡ್ಡ ಕೈ ಬರೆಯಿರಿ. ಸುತ್ತ ಅಂಚಿಗೆ ಹಗ್ಗ ಅಂಟಿಸಿ. ಈ ಹಗ್ಗದ ಕೊನೆ ಹುಡುಕು ಅಂತ ಮಗುವಿನ ಬೆರಳು ಹಿಡಿದು ಸುತ್ತಿಸಿ. ಕೊನೆ ಸಿಗೋದಿಲ್ಲ. ಶಾಶ್ವತ ಅಂದರೆ ಅದೇ ಅಂತ ಹೇಳಿ, ಬೇರೆ ವಿವರಣೆ ಬೇಡ.

ಈಗ ಬೆನ್ನಿನ ವಿಷಯ. ಇಷ್ಟೆಲ್ಲ ಚೆನ್ನಾಗಿ ಮಾಡಿದವರೂ ಇಲ್ಲಿ ತಪ್ಪುತ್ತಾರೆ. ಇಲ್ಲಿ ಹೇಳುವ ಅಂಕೆ ಕಾರ್ಡಿನ ಕ್ರಮದ್ದು, ವಚನದ್ದಲ್ಲ. ಒಂದನೇ ಸಾಲನ್ನು ಒಂದನೇ ಕಾರ್ಡಿನ ಹಿಂದೆ, ಎರಡನೆಯದನ್ನು ಎರಡರ ಹಿಂದೆ ಬರೆಯುತ್ತಾರೆ. ಎಂಟೂ ಕಾರ್ಡ್ ಜೋಡಿಸಿ ಎದೆ ಮುಂದೆ ಹಿಡಿದುಕೊಳ್ಳಿ, ನಿಮಗೇ ಗೊತ್ತಾಗುತ್ತದೆ. ಮಕ್ಕಳಿಗೆ ಕಾಣುವುದು ಒಂದನೇ ಕಾರ್ಡಿನ ಮುಖ. ನಿಮಗೆ ಕಾಣುವುದು ಎಂಟನೇ ಕಾರ್ಡಿನ ಬೆನ್ನು. ಹಾಗಾಗಿ ಒಂದನೇ ಸಾಲು ಇರಬೇಕಾದ್ದು ಎಂಟರ ಬೆನ್ನ ಮೇಲೆ. ಒಂದನ್ನು ತೆಗೆದು ನಿಮ್ಮ ಕಡೆಗೆ ಹಿಂದೆ ಇಟ್ಟಾಗ ಮಕ್ಕಳಿಗೆ ಎರಡು ಕಾಣುತ್ತದೆ, ನಿಮಗೆ ಒಂದರ ಬೆನ್ನು. ಅಂದರೆ ಒಂದರ ಬೆನ್ನಿಗೆ ಎರಡನೇ ಸಾಲು, ಎರಡರ ಬೆನ್ನಿಗೆ ಮೂರನೆಯದು, ಹೀಗೆ ಏಳರ ಬೆನ್ನಿಗೆ ಎಂಟನೆಯದು. ಮಾರ್ಕರ್ ಹಿಂದಕ್ಕೆ ಸೋರುವುದರಿಂದ ಬೆನ್ನ ಮೇಲೆ ನೇರ ಬರೆಯಬೇಡಿ. ಬೇರೆ ಕಾಗದದಲ್ಲಿ ಬರೆದು ಅಂಟಿಸಿ. ಹಾಗೇ, ಗಟ್ಟಿಯಾಗಲಿ ಅಂತ ಹಿಂದೆ ರಟ್ಟು ಹಿಡಿದರೆ ಆ ಬರಹ ಮುಚ್ಚಿಹೋಗುತ್ತದೆ. ಅದೂ ಬೇಡ.

ಕಾರ್ಡ್ ಬದಲಿಸುವುದು ಯಾವಾಗ? ಪಲ್ಲವಿ ಹಾಡುವಾಗ. ದುಂಡು ರಟ್ಟನ್ನು ಒಂದು ಮಗುವಿನ ಕೈಗೆ ಕೊಡಿ, ಪಲ್ಲವಿ ಬಂದ ಕೂಡಲೇ ಅದು ಎತ್ತಲಿ. ಎಲ್ಲರ ಕಣ್ಣು ಅಲ್ಲಿರುವಾಗ ನೀವು ಕಾರ್ಡ್ ಜಾರಿಸಿ ಹಿಂದೆ ಹಾಕಿ. ಹೊಸ ಸಾಲು ಶುರುವಾಗುವ ಮುಂಚೆಯೇ ಹೊಸ ಚಿತ್ರ ಕಾಣಬೇಕು. ಸಾಲು ಶುರುವಾದ ಮೇಲೆ ಚಿತ್ರ ಬಂದರೆ ಮಕ್ಕಳು ನಿಮ್ಮ ದನಿಯ ಹಿಂದೆ ಎಳೆದುಕೊಂಡು ಹಾಡುತ್ತಾರೆ. ಮನೆಯಲ್ಲಿ ಕನ್ನಡಿ ಮುಂದೆ ನಾಲ್ಕು ಸಲ ಅಭ್ಯಾಸ ಮಾಡಿ.

ಕಾರ್ಡನ್ನು ಮುಖಕ್ಕೆ ಅಡ್ಡ ಹಿಡಿಯಬೇಡಿ, ಮಕ್ಕಳು ನಿಮ್ಮ ಬಾಯಿ ನೋಡಿಯೂ ಕಲಿಯುತ್ತಾರೆ. ನಿಮ್ಮ ತಲೆ ಮೇಲಿನ ಫ್ಯಾನ್ ಒಂದನ್ನು ಆರಿಸಿ, ಮಕ್ಕಳ ಮೇಲಿನದು ಓಡಲಿ, ಬೇಸಿಗೆ ಅಲ್ವಾ. ಪ್ರೊಜೆಕ್ಟರ್ ಇದ್ದರೆ ಇದೆಲ್ಲ ಯಾಕೆ ಅಂತ ಕೇಳುವವರಿದ್ದಾರೆ. ಕರೆಂಟು ಹೋಗುವುದು ಒಂದು ಕಡೆ ಇರಲಿ, ಪರದೆಯ ಚಿತ್ರವನ್ನು ಮಗುವಿನ ಕೈಗೆ ಕೊಡಲು ಆಗುವುದಿಲ್ಲ.

ಅದನ್ನೇ ಕೊನೆಗೆ ಮಾಡಬೇಕಾದ್ದು. ಮೊದಲ ವಾರ ಎಂಟೂ ಚಿತ್ರ ತೋರಿಸಿ. ಎರಡನೇ ವಾರ ಸೂರ್ಯನ ಜಾಗಕ್ಕೆ ಒಂದು ಖಾಲಿ ಹಾಳೆ ಇಟ್ಟು ಹಾಡಿಸಿ. ಮೂರನೇ ವಾರ ಇನ್ನೆರಡು ಖಾಲಿ. ನಾಲ್ಕನೇ ವಾರ ಎಂಟು ಮಕ್ಕಳಿಗೆ ಒಂದೊಂದು ಕಾರ್ಡ್ ಕೊಟ್ಟು, ಹಾಡಿನ ಕ್ರಮದಲ್ಲಿ ನೀವೇ ನಿಂತುಕೊಳ್ಳಿ ಅಂತ ಬಿಟ್ಟುಬಿಡಿ. ಚಂದ್ರ ಸೂರ್ಯನ ಮುಂದೆ ನಿಂತರೆ ತಿದ್ದಬೇಡಿ. ಉಳಿದ ಮಕ್ಕಳು ಹಾಡುತ್ತಾ ಹಾಡುತ್ತಾ ಎಂಟನೇ ವಚನಕ್ಕೆ ಬಂದಾಗ ಅವರೇ ಕೂಗಿ ಜಾಗ ಬದಲಿಸುತ್ತಾರೆ.

ಕಾರ್ಡುಗಳನ್ನು ಹಳೇ ದಿಂಬಿನ ಕವರಿನಲ್ಲಿ ಹಾಕಿ ಬೀರುವಿನಲ್ಲಿ ಮಲಗಿಸಿ ಇಡಿ, ನಿಲ್ಲಿಸಿದರೆ ಬಾಗುತ್ತವೆ. ಮುದ್ದೆ ಕಾರ್ಡ್ ಮಾತ್ರ ಎರಡು ಮಾಡಿಟ್ಟುಕೊಳ್ಳಿ. ಅದನ್ನು ಹಿಡಿಯೋಕೆ ಎಲ್ಲರೂ ಎಳೆದಾಡುತ್ತಾರೆ, ಬೇಗ ಹರಿಯುತ್ತದೆ.