ಕಬ್ಬಿನ ಟ್ರೇಲರ್ ಎಳೆಯುವ ಮುನ್ನ

ಕಬ್ಬಿನ ಹಂಗಾಮು ಶುರುವಾಯಿತೆಂದರೆ ಮುಧೋಳ, ಜಮಖಂಡಿ, ಮಹಾಲಿಂಗಪುರದ ರಸ್ತೆಗಳಲ್ಲಿ ಹಗಲು ರಾತ್ರಿ ಟ್ರ್ಯಾಕ್ಟರುಗಳ ಸಾಲು. ಟ್ರ್ಯಾಕ್ಟರಿನ ತೂಕ ಸುಮಾರು 2 ಟನ್. ಹಿಂದಿನ ಎರಡು ಟ್ರೇಲರ್ ತುಂಬಿದರೆ ಕಬ್ಬೇ 15 ಟನ್ ದಾಟುವುದುಂಟು. 50 ಎಚ್‌ಪಿ ಎಂಜಿನ್ ಇಷ್ಟನ್ನು ಎಳೆಯುತ್ತದೆ. ಆದರೆ ಇಳಿಜಾರಿನಲ್ಲಿ ನಿಲ್ಲಿಸಬೇಕಾದಾಗ? ಬಹಳಷ್ಟು ಟ್ರೇಲರ್‌ಗಳಿಗೆ ಬ್ರೇಕೇ ಇರುವುದಿಲ್ಲ. ಅಷ್ಟೂ ಭಾರವನ್ನು ಟ್ರ್ಯಾಕ್ಟರಿನ ಹಿಂದಿನ ಎರಡು ಗಾಲಿಗಳೇ ತಡೆಯಬೇಕು.

ಮೊದಲು ಕೊಂಡಿ ನೋಡಿ. ಟ್ರೇಲರನ್ನು ಕಂಪನಿಯವರು ಕೊಟ್ಟ ಕೆಳಗಿನ ಕೊಂಡಿಗೇ ಜೋಡಿಸಬೇಕು. ಎತ್ತರಕ್ಕೆ ಜೋಡಿಸಿದರೆ ಏರು ಹತ್ತುವಾಗ ಮುಂದಿನ ಗಾಲಿಗಳು ನೆಲ ಬಿಡುತ್ತವೆ. ಆಗ ಸ್ಟೇರಿಂಗ್ ತಿರುಗಿಸಿಯೂ ಉಪಯೋಗವಿಲ್ಲ, ಟ್ರ್ಯಾಕ್ಟರ್ ಹಿಂದಕ್ಕೆ ಮಗುಚಲೂಬಹುದು. ಮುಂದೆ ಕಬ್ಬಿಣದ ತೂಕ ಹಾಕಿಸುವುದು ಇದೇ ಕಾರಣಕ್ಕೆ. ಪಿನ್ ಸವೆದಿದ್ದರೆ ಬದಲಿಸಿ, ಸಿಕ್ಕ ಸರಳು ತೂರಿಸಬೇಡಿ. ಪಿನ್ ಮೇಲಕ್ಕೆ ಜಿಗಿಯದಂತೆ ಕೆಳಗೆ ಲಾಕ್ ಹಾಕಿ. ಎರಡೂ ಜೋಡಣೆಗೆ ಒಂದೊಂದು ಗಟ್ಟಿ ಸರಪಳಿ ಇರಲಿ.

ಹೇರುವಾಗ ಕಡಿಯುವ ಗ್ಯಾಂಗಿನವರ ಜತೆ ನೀವೂ ನಿಂತಿರಿ. ಭಾರ ಎರಡೂ ಬದಿಗೆ ಸಮ ಇರಬೇಕು. ಹಿಂದಿನ ಟ್ರೇಲರ್ ಮುಂದಿನದಕ್ಕಿಂತ ಜಾಸ್ತಿ ಭಾರ ಆಗಬಾರದು. ಪಕ್ಕಕ್ಕೆ ಚಾಚಿದ ಕಬ್ಬನ್ನು ಅಲ್ಲೇ ಕಡಿದು ಹಾಕಿ, ಅದು ಬೈಕಿನವರ ಮುಖಕ್ಕೇ ತಾಗುತ್ತದೆ.

ಹೊಲದಿಂದ ರಸ್ತೆಗೆ ಬಂದ ಕೂಡಲೇ ಎರಡು ಬ್ರೇಕ್ ಪೆಡಲ್‌ಗಳನ್ನು ಕೂಡಿಸಿ ಲಾಕ್ ಮಾಡಿ. ಹೊಲದಲ್ಲಿ ತಿರುವಿಗೆಂದು ಒಂದೊಂದೇ ಒತ್ತುತ್ತೇವೆ, ಅಲ್ವಾ? ಅದೇ ಮರೆವಿನಲ್ಲಿ ರಸ್ತೆಯಲ್ಲಿ ಒಂದನ್ನೇ ಒತ್ತಿದರೆ ಟ್ರ್ಯಾಕ್ಟರ್ ಗಕ್ಕನೆ ಒಂದು ಕಡೆಗೆ ಎಳೆಯುತ್ತದೆ, ಹಿಂದಿನ ಭಾರ ಅದನ್ನು ಉರುಳಿಸಿಬಿಡುತ್ತದೆ. ಹೊಸ ಡ್ರೈವರನಿಗೆ ನಾನು ಒಂದೇ ಮಾತು ಹೇಳಬೇಕೆಂದರೆ ಇದನ್ನೇ ಹೇಳುತ್ತೇನೆ.

ಇನ್ನು ಇಳಿಜಾರು. ಇಳಿಯುವ ಮೊದಲೇ ಗೇರ್ ಇಳಿಸಿ. ಅದೇ ಏರನ್ನು ಯಾವ ಗೇರಿನಲ್ಲಿ ಹತ್ತುತ್ತೀರೋ ಅದೇ ಗೇರಿನಲ್ಲಿ ಇಳಿಯಿರಿ. ಡೀಸೆಲ್ ಉಳಿಸಲೆಂದು ನ್ಯೂಟ್ರಲ್ ಮಾಡಬೇಡಿ, ಕ್ಲಚ್ ಒತ್ತಿ ಹಿಡಿಯಬೇಡಿ. ಗೇರಿನಲ್ಲಿದ್ದರೆ ಎಂಜಿನ್ನೇ ಗಾಡಿಯನ್ನು ಹಿಡಿದಿರುತ್ತದೆ. ನ್ಯೂಟ್ರಲ್ ಮಾಡಿದಿರೋ, ಉಳಿಯುವುದು ಬ್ರೇಕ್ ಮಾತ್ರ. ಅದೂ ಬಿಸಿಯಾದ ಹಾಗೆ ಹಿಡಿತ ಕಳೆದುಕೊಳ್ಳುತ್ತದೆ. ವೇಗ ಎರಡು ಪಟ್ಟಾದರೆ ಬ್ರೇಕ್ ತಡೆಯಬೇಕಾದ ಶಕ್ತಿ ನಾಲ್ಕು ಪಟ್ಟಾಗುತ್ತದೆ. 15 ಕಿ.ಮೀ. ವೇಗದಲ್ಲಿ ಸುಲಭವಾಗಿ ನಿಂತ ಗಾಡಿ 30ರಲ್ಲಿ ನಿಲ್ಲದಿರುವುದು ಅದಕ್ಕೇ. ತಿರುವು ಬರುವ ಮೊದಲು, ಗಾಡಿ ನೇರ ಇರುವಾಗಲೇ ಬ್ರೇಕ್ ಹಾಕಿ ಮುಗಿಸಿ. ತಿರುಗುವಾಗ ಜೋರಾಗಿ ಒತ್ತಿದರೆ ಟ್ರೇಲರ್ ಹಿಂದಿನಿಂದ ದೂಡಿ ಟ್ರ್ಯಾಕ್ಟರನ್ನು ಅಡ್ಡ ತಿರುಗಿಸುತ್ತದೆ.

ರಾತ್ರಿ ಹೊರಡುವ ಮೊದಲು ಹಿಂದಿನ ಟ್ರೇಲರಿನ ಕೆಂಪು ರಿಫ್ಲೆಕ್ಟರ್ ಒರೆಸಿ. ಅದರ ಮೇಲೆ ರವದಿ (ಕಬ್ಬಿನ ಒಣ ಎಲೆ) ಜೋತುಬಿದ್ದಿದ್ದರೆ ಕಿತ್ತುಹಾಕಿ. ಟೇಪಿನ ಸದ್ದು ಕಡಿಮೆ ಇರಲಿ, ಹಿಂದಿನವರ ಹಾರ್ನ್ ಕೇಳಬೇಕು.

ದಾರಿಯಲ್ಲಿ ಗಾಡಿ ಕೆಟ್ಟರೆ ಆದಷ್ಟು ಎಡಕ್ಕೆ ತೆಗೆದು ಗಾಲಿಗೆ ಕಲ್ಲು ಕೊಡಿ. ದುರಸ್ತಿಯಾಗಿ ಹೊರಟಾಗ ಆ ಕಲ್ಲುಗಳನ್ನು ಎತ್ತಿ ರಸ್ತೆಯಾಚೆ ಹಾಕಿಯೇ ಹೊರಡಿ. ಕತ್ತಲಲ್ಲಿ ಬೈಕ್ ಮೇಲೆ ಬರುವವನಿಗೆ ಅವು ಕಾಣುವುದಿಲ್ಲ.