ಬಸ್ಸಾರು, ಹುಚ್ಚೆಳ್ಳು ಪುಡಿ ಮತ್ತು ನಮ್ಮ ಅಡುಗೆಮನೆ

ತುಮಕೂರಿನಲ್ಲಿ 2019ರಲ್ಲಿ ನಾವು ಐದು ಮಂದಿ ಹೆಂಗಸರು ಸೇರಿ ಮಧ್ಯಾಹ್ನದ ಊಟ ಒದಗಿಸುವ ಸಣ್ಣ ಉದ್ಯಮವೊಂದನ್ನು ಆರಂಭಿಸಿದೆವು. ಮಾಂಸ, ಮೊಟ್ಟೆ, ಹಾಲು ಇಲ್ಲದ ಊಟವನ್ನು ದುಡಿಯುವ ಜನರ ಕೈಗೆಟುಕುವ ಬೆಲೆಗೆ ಕೊಡಬೇಕು, ಅದಕ್ಕೆ ಬೇಕಾದ ರಾಗಿ ಮತ್ತು ಕಾಳನ್ನು ಸುತ್ತಲಿನ ಮಳೆಯಾಶ್ರಿತ ರೈತರಿಂದಲೇ ಕೊಳ್ಳಬೇಕು, ಉಳಿದ ಹಣವನ್ನು ಹಂಚಿಕೊಳ್ಳದೆ ಉದ್ಯಮಕ್ಕೇ ತೊಡಗಿಸಬೇಕು ಎಂದು ಮೊದಲ ದಿನವೇ ಬರೆದಿಟ್ಟುಕೊಂಡೆವು. ಇದಕ್ಕೆ ನನ್ನನ್ನು ಹಚ್ಚಿದ್ದು ಅದರ ಹಿಂದಿನ ವರ್ಷ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟವಾದ ಒಂದು ಅಧ್ಯಯನ. 119 ದೇಶಗಳ ಸುಮಾರು 38 ಸಾವಿರ ಕೃಷಿ ಘಟಕಗಳ ಲೆಕ್ಕ ಹಿಡಿದಿದ್ದ ಆ ಅಧ್ಯಯನದ ಪ್ರಕಾರ, ತೀರ ಎಚ್ಚರದಿಂದ ಉತ್ಪಾದಿಸಿದ ಮಾಂಸ ಮತ್ತು ಹಾಲು ಕೂಡ ಅವುಗಳ ಬದಲು ತಿನ್ನಬಹುದಾದ ಕಾಳು, ತರಕಾರಿಗಳಿಗಿಂತ ಸಾಮಾನ್ಯವಾಗಿ ಪರಿಸರದ ಮೇಲೆ ಹೆಚ್ಚಿನ ಹೊರೆ ಹೊರಿಸುತ್ತವೆ.

ಆ ಅಂಕಿಗಳನ್ನೇ ದೊಡ್ಡ ಹಾಳೆಯಲ್ಲಿ ಬರೆದು, 'ಸಸ್ಯಾಹಾರ, ಭೂಮಿಗೆ ಉಪಕಾರ' ಎಂಬ ಶೀರ್ಷಿಕೆ ಕೊಟ್ಟು, ನಾವು ಊಟ ಒದಗಿಸುತ್ತಿದ್ದ ಸಿದ್ಧ ಉಡುಪಿನ ಕಾರ್ಖಾನೆಯ ಊಟದ ಕೋಣೆಯಲ್ಲಿ ತೂಗುಹಾಕಿದೆ. ಎರಡನೆಯ ದಿನ ಒಬ್ಬ ಹೆಣ್ಣುಮಗಳು ತಟ್ಟೆ ಹಿಡಿದುಕೊಂಡೇ ಬಂದು, "ನಾವು ತಿನ್ನೋದು ತಪ್ಪು ಅಂತ ಹೇಳೋಕೆ ಬಂದಿದೀರೇನಮ್ಮ?" ಎಂದು ಕೇಳಿದರು. ಉತ್ತರ ಹೇಳಲು ನನಗೆ ನಾಲಗೆ ಏಳಲಿಲ್ಲ. ನಮ್ಮ ನೆಲದಲ್ಲಿ 'ಸಸ್ಯಾಹಾರ' ಎಂಬ ಮಾತಿಗೆ ಜಾತಿಯ ಮೇಲುಕೀಳಿನ ವಾಸನೆ ಅಂಟಿಕೊಂಡಿದೆ ಎಂಬುದು ಗೊತ್ತಿದ್ದೂ ನಾನು ಅದನ್ನು ಗೋಡೆಗೆ ಹಚ್ಚಿದ್ದೆ. ಅಂದು ಸಂಜೆಯೇ ಹಾಳೆ ಇಳಿಸಿದೆವು. ಅಂದಿನಿಂದ ನಮ್ಮ ಊಟದ ಹೆಸರು 'ಕಾಳೂಟ' ಎಂದಷ್ಟೇ.

ಮೊದಲ ತಿಂಗಳು ಸೋಯಾ ಉಂಡೆಗಳಿಗೆ ಮಾಂಸದ ಮಸಾಲೆ ಹಾಕಿ ಬಡಿಸುತ್ತಿದ್ದೆವು, ಅರ್ಧಕ್ಕರ್ಧ ತಟ್ಟೆಯಲ್ಲೇ ಉಳಿದು ಬರುತ್ತಿತ್ತು. ನಮ್ಮೊಂದಿಗಿದ್ದ ಹಿರಿಯಮ್ಮ ಕೊನೆಗೆ, "ಬಾಡಿನ ರುಚಿ ಬಾಡಿಗೇ ಇರ್ಲಿ ಕಣವ್ವ, ಹುಳ್ಳಿಕಾಳು ಬಸ್ಸಾರು ಮಾಡು, ಯಾರು ಬ್ಯಾಡ ಅಂತಾರೆ ನೋಡಣ" ಎಂದರು. ರಾತ್ರಿಯೆಲ್ಲ ನೆನೆದ ಹುರುಳಿಕಾಳನ್ನು ಸೊಪ್ಪಿನ ಜೊತೆ ಬೇಯಿಸಿ, ಕಟ್ಟನ್ನು ಬಸಿದುಕೊಂಡು, ಒಂದೆರಡು ಹಿಡಿ ಬೆಂದ ಕಾಳನ್ನು ಸುಟ್ಟ ಈರುಳ್ಳಿ, ಬೆಳ್ಳುಳ್ಳಿ, ಕಾಯಿ, ಹುಣಸೆಹಣ್ಣಿನೊಂದಿಗೆ ನುಣ್ಣಗೆ ರುಬ್ಬಿ ಅದೇ ಕಟ್ಟಿಗೆ ಸೇರಿಸಿ ಕುದಿಸಬೇಕು. ಉಳಿದ ಕಾಳು-ಸೊಪ್ಪಿಗೆ ಒಗ್ಗರಣೆ ಕೊಟ್ಟರೆ ಪಲ್ಯವಾಯಿತು. ಒಂದು ಪಾತ್ರೆಯ ಕಾಳಿನಲ್ಲಿ ಎರಡು ಅಡುಗೆ ಆಗುವುದರಿಂದ ಖರ್ಚೂ ಇಳಿಯಿತು. ಮುದ್ದೆಗೆ ತುಪ್ಪದ ಬದಲು ಹುರಿದು ಕುಟ್ಟಿದ ಹುಚ್ಚೆಳ್ಳು ಪುಡಿ ಇಟ್ಟೆವು, ಅದರ ಎಣ್ಣೆಯ ಘಮಕ್ಕೆ ತುಪ್ಪವನ್ನು ಯಾರೂ ಕೇಳಲಿಲ್ಲ. ಅನ್ನವನ್ನು ಮಾತ್ರ ಪೂರ್ತಿ ಬಿಡಿಸಲು ಆಗಲಿಲ್ಲ. ನೀರು ನಿಂತ ಗದ್ದೆಯಿಂದಲೂ ಭೂಮಿಯ ಬಿಸಿ ಏರಿಸುವ ಮೀಥೇನ್ ಅನಿಲ ಏಳುತ್ತದೆ, ಆದ್ದರಿಂದ ಗಿಡದಿಂದ ಬಂದದ್ದೆಲ್ಲ ಒಂದೇ ಎಂದು ನಾನು ಎಣಿಸುವುದಿಲ್ಲ. ಮುದ್ದೆ ದೊಡ್ಡದು ಮಾಡಿ ಅನ್ನವನ್ನು ಒಂದು ಸೌಟಿಗೆ ಇಳಿಸಿದ್ದೇವೆ.

ಕಾಳು ಕೊಳ್ಳಲು ಹಳ್ಳಿಗಳಿಗೆ ಹೋದಾಗ ಎದುರಾದ ಸಮಸ್ಯೆ ಬೇರೆ. ರಾಗಿ ಹೊಲದಲ್ಲಿ ಆರೆಂಟು ಸಾಲಿಗೊಂದು ಅಕ್ಕಡಿ ಸಾಲು ಬಿಟ್ಟು ಅವರೆ, ತೊಗರಿ, ಜೋಳ, ಹುಚ್ಚೆಳ್ಳು ಬಿತ್ತುವುದು ಈ ಸೀಮೆಯ ಹಳೆಯ ಪದ್ಧತಿ. ಕಾಳಿನ ಗಿಡದ ಬೇರುಗಂಟುಗಳಲ್ಲಿರುವ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಹಿಡಿದಿಡುವುದರಿಂದ ಆ ಗಿಡಕ್ಕೆ ಯೂರಿಯಾ ಅಷ್ಟಾಗಿ ಬೇಕಾಗುವುದಿಲ್ಲ. ಆದರೆ ಕೊಯ್ಲಿನ ಯಂತ್ರಕ್ಕೆ ಮಿಶ್ರಬೆಳೆ ಒಗ್ಗದ ಕಾರಣ ಹಲವರು ಅಕ್ಕಡಿಯನ್ನೇ ಕೈಬಿಟ್ಟಿದ್ದರು, ಬಿಡದವರ ಮನೆಯಲ್ಲೂ ಕಾಳು ಇದ್ದದ್ದು ಊಟಕ್ಕೆ ಆಗುವಷ್ಟೇ. ಅದಕ್ಕಾಗಿ ಬಿತ್ತನೆಗೆ ಮೊದಲೇ ದರ ಹೇಳಿ, ಅರ್ಧ ಮುಂಗಡ ಕೊಟ್ಟು, ಒಕ್ಕಣೆಯ ಹೊತ್ತಿಗೆ ಪೇಟೆಯ ಧಾರಣೆ ಏರಿದ್ದರೆ ಏರಿದ ದರವನ್ನೇ ಕೊಡುವ ಮಾತು ಕೊಟ್ಟೆವು. ಮೊದಲ ವರ್ಷ ಸರಿಯಾಗಿ ಒಣಗಿಸದೆ ಕೂಡಿಟ್ಟ ಅವರೆಗೆ ಹುಳ ಬಿದ್ದು ನಾಲ್ಕು ಚೀಲ ಹಾಳಾಯಿತು. ಈಗ ಮೂರು ಬಿಸಿಲು ಕಾಣಿಸಿ, ಬೇವಿನ ಸೊಪ್ಪು ಹಾಕಿ ಕಟ್ಟುತ್ತೇವೆ. 2020ರ ಲಾಕ್‌ಡೌನ್‌ನಲ್ಲಿ ಕಾರ್ಖಾನೆ ಮುಚ್ಚಿದಾಗ ನಮ್ಮನ್ನು ಉಳಿಸಿದ್ದು ಹೀಗೆ ಕೂಡಿಟ್ಟ ಕಾಳೇ. ಅದನ್ನು ಸಾರಿನ ಪುಡಿಯೊಂದಿಗೆ ಪೊಟ್ಟಣ ಕಟ್ಟಿ ಮನೆಮನೆಗೆ ಮಾರಿದೆವು.

ಎಲ್ಲಕ್ಕಿಂತ ಕಷ್ಟವಾದದ್ದು ಮಜ್ಜಿಗೆ. ಊಟದ ಕೊನೆಗೆ ಮಜ್ಜಿಗೆ ಇಲ್ಲದಿದ್ದರೆ ನಮ್ಮವರಿಗೆ ಉಂಡಂತೆಯೇ ಆಗುವುದಿಲ್ಲ. ಕಡಲೆಕಾಯಿ ಬೀಜವನ್ನು ಎಂಟು ಗಂಟೆ ನೆನೆಸಿ, ಸಿಪ್ಪೆ ಉಜ್ಜಿ ತೆಗೆದು, ರುಬ್ಬಿ ಸೋಸಿ, ತಳ ಹತ್ತದಂತೆ ಕೈ ಬಿಡದೆ ತಿರುವುತ್ತಾ ಕಾಯಿಸಿ, ಬೆರಳು ತಡೆಯುವಷ್ಟು ಬಿಸಿ ಇರುವಾಗ ಹಸಿಮೆಣಸಿನಕಾಯಿಯ ತೊಟ್ಟು ಹಾಕಿ ಹೆಪ್ಪಿಟ್ಟೆವು; ಮರುದಿನದಿಂದ ಹಿಂದಿನ ದಿನದ್ದೇ ಹೆಪ್ಪು. ಒಮ್ಮೆ ಬಂದ ಬೀಜದ ಚೀಲದಲ್ಲಿ ಬೂಸಲು ಹಿಡಿದಿತ್ತು. ಬೂಸಲಿನಿಂದ ಹುಟ್ಟುವ ಅಫ್ಲಾಟಾಕ್ಸಿನ್ ವಿಷ ಕುದಿಸಿದರೂ ಹೋಗುವುದಿಲ್ಲವಾದ್ದರಿಂದ ಇಡೀ ಚೀಲವನ್ನು ಸುರಿದೆವು, ಅಂದಿನಿಂದ ಪ್ರತಿದಿನ ಬೀಜವನ್ನು ಮೊರದಲ್ಲಿ ಹರಡಿ ಒಂದೊಂದಾಗಿ ಆರಿಸುತ್ತೇವೆ. ಬಾಟಲಿಯಲ್ಲಿ ಮಾರಲು ಹೊರಟಾಗ, ಪ್ರಾಣಿಯ ಹಾಲಿನಿಂದ ಆಗದ ಪದಾರ್ಥಕ್ಕೆ 'ಮೊಸರು', 'ಮಜ್ಜಿಗೆ' ಎಂದು ಚೀಟಿ ಅಂಟಿಸುವಂತಿಲ್ಲ ಎಂಬ ಆಹಾರ ಸುರಕ್ಷತಾ ನಿಯಮ ಎದುರಾಯಿತು. 'ಕಡಲೆಕಾಯಿ ತಂಪು' ಎಂದು ಹೆಸರಿಟ್ಟೆವು. ಮನೆಯಲ್ಲೂ ಪೂರ್ತಿಯಾಗಿ ಈ ಊಟಕ್ಕೆ ಬದಲಾಗುವವರಿಗೆ, ಗಿಡಮೂಲದ ಆಹಾರದಲ್ಲಿ ಬಿ12 ಜೀವಸತ್ವ ಸಿಗುವುದಿಲ್ಲ, ವೈದ್ಯರನ್ನು ಕೇಳಿ ಮಾತ್ರೆ ತೆಗೆದುಕೊಳ್ಳಿ ಎಂದು ತಪ್ಪದೆ ಹೇಳುತ್ತೇವೆ.

ಹಾಲಿನ ವಿಷಯದಲ್ಲಿ ನಮ್ಮೊಳಗೇ ಬಿಕ್ಕಟ್ಟಿತ್ತು. ಹಸುವಿನ ಜೀರ್ಣಕ್ರಿಯೆಯಿಂದ ಹೊರಬೀಳುವ ಮೀಥೇನ್ ನೂರು ವರ್ಷಗಳ ಲೆಕ್ಕದಲ್ಲಿ ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 28 ಪಟ್ಟು ಶಾಖ ಹಿಡಿಯುತ್ತದೆ ಎಂಬುದು ನಿಜ; ನಮ್ಮ ಐವರಲ್ಲಿ ಮೂವರ ಮನೆಯಲ್ಲಿ ಡೇರಿಯ ಬಟವಾಡೆಯೇ ಕೈಕಾಸು ಎಂಬುದೂ ಅಷ್ಟೇ ನಿಜ. ಬೇರೆ ವರಮಾನ ತೋರಿಸದೆ ಹಸು ಕಟ್ಟುವುದನ್ನು ಬಿಡಿ ಎನ್ನುವ ಹಕ್ಕು ನನಗಿಲ್ಲವೆಂದು ತೀರ್ಮಾನಿಸಿ, ಮೊದಲು ಅಡುಗೆಮನೆಯ ಸಂಬಳ ತಿಂಗಳು ತಪ್ಪದೆ ಬರುವಂತೆ ಮಾಡಿದೆವು. ಅವರಲ್ಲೊಬ್ಬರು ಕಳೆದ ವರ್ಷ ತಮ್ಮ ಎರಡನೆಯ ಹಸುವನ್ನು ಮಾರಿದ ಮೇಲೆ ಇನ್ನೊಂದನ್ನು ಕೊಳ್ಳಲಿಲ್ಲ. ಹಸಿಮೇವಿಗೆಂದು ಬಿಟ್ಟಿದ್ದ ಆರು ಗುಂಟೆಯಲ್ಲಿ ಅಲಸಂದೆ ಹಾಕಿದ್ದರು, ಅದರ ಮೊದಲ ಮೂಟೆಯನ್ನು ಈ ವಾರ ನಮ್ಮ ಅಡುಗೆಮನೆಯ ತಕ್ಕಡಿಗೆ ತಂದಿಟ್ಟರು.