ಗೋಡೆಯೊಳಗಿನ ತುಡುವೆ ಜೇನನ್ನು ವ್ಯಾಕ್ಯೂಮ್‌ನಿಂದ ಜೀವಂತ ತೆಗೆಯುವುದು ಹೇಗೆ?

ತುಡುವೆ ಜೇನಿಗೆ ಕತ್ತಲು ಬೇಕು, ಸಣ್ಣ ಬಾಗಿಲು ಬೇಕು. ಹುತ್ತವೋ ಮರದ ಪೊಟರೆಯೋ ಸಿಗದಿದ್ದರೆ ನಮ್ಮ ಮನೆಯೇ ಸರಿ. ತುಮಕೂರಿನ ಸುತ್ತಮುತ್ತ ನಾನು ತೆಗೆದ ಗೂಡುಗಳು ಇದ್ದದ್ದು ಸಜ್ಜೆಯ ಹಿಂದೆ, ಒಡೆದ ನೀರಿನ ಟ್ಯಾಂಕಿನಲ್ಲಿ, ಕಿಟಕಿಯ ಸಂದಿಯಲ್ಲಿ. ಒಮ್ಮೆ ಕೆಟ್ಟುಹೋದ ಸ್ಪೀಕರ್ ಡಬ್ಬದಲ್ಲೂ ಇತ್ತು.

ಈಗ ಮೊಬೈಲಿನಲ್ಲಿ ವಿಡಿಯೊ ನೋಡಿ, ಮನೆಯ ವ್ಯಾಕ್ಯೂಮ್ ಕ್ಲೀನರ್ ಹಿಡಿದು ಜೇನು ತೆಗೆಯಲು ಹೊರಡುವವರು ಜಾಸ್ತಿಯಾಗಿದ್ದಾರೆ. ನಾನೂ ಮೊದಲ ಸಲ ಹಾಗೇ ಮಾಡಿದ್ದೆ. ಗುಬ್ಬಿ ಹತ್ತಿರ ನಮ್ಮ ಚಿಕ್ಕಮ್ಮನ ಮನೆ. ಹತ್ತೇ ನಿಮಿಷಕ್ಕೆ ಗೋಡೆ ಖಾಲಿ. ಹೆಮ್ಮೆಯಿಂದ ಬಕೆಟ್ ಮುಚ್ಚಳ ತೆಗೆದರೆ, ಬೆಲ್ಲದ ಪಾಕಕ್ಕೆ ಬಿದ್ದ ಎಳ್ಳಿನ ಹಾಗೆ ಹುಳುಗಳೆಲ್ಲ ಒಂದಕ್ಕೊಂದು ಅಂಟಿಕೊಂಡಿದ್ದವು. ಮುಕ್ಕಾಲು ಪಾಲು ಸತ್ತಿದ್ದವು. "ಇದಕ್ಕಿಂತ ಬೆಂಕಿ ಇಟ್ಟಿದ್ರೇ ವಾಸಿಯಾಗಿತ್ತಲ್ಲೋ" ಅಂದರು ಚಿಕ್ಕಮ್ಮ.

ಮೊದಲು ಯಾವ ಜೇನು ಅಂತ ನೋಡಿಕೊಳ್ಳಿ. ಈ ಲೇಖನ ತುಡುವೆಗೆ ಮಾತ್ರ. ಬಯಲಲ್ಲಿ ಒಂದೇ ದೊಡ್ಡ ತಟ್ಟಿ, ಅಂದರೆ ಮೇಣದ ಎರಿ, ನೇತುಬಿದ್ದಿದ್ದರೆ ಅದು ಹೆಜ್ಜೇನು. ವ್ಯಾಕ್ಯೂಮ್ ಹಿಡಿದು ಅದರ ಹತ್ತಿರ ಸುಳಿಯಬೇಡಿ. ಅದು ವಲಸೆ ಹೋಗುವ ಜೇನು. ಯಾರಿಗೂ ತೊಂದರೆ ಇಲ್ಲದ ಜಾಗವಾದರೆ ಬಿಟ್ಟುಬಿಡಿ, ತಾನೇ ಎದ್ದು ಹೋಗುತ್ತದೆ. ಮೀಟರ್ ಬೋರ್ಡಿನಲ್ಲಿ ತುಡುವೆ ಕೂತಿದ್ದರೆ ಬೆಸ್ಕಾಂನವರು ಬಂದು ಕರೆಂಟ್ ತೆಗೆಯುವವರೆಗೆ ಕಾಯಿರಿ. ಮನೆಯವರು ಆಗಲೇ ಜಿರಳೆ ಸ್ಪ್ರೇ ಹೊಡೆದಿದ್ದರೆ ಆ ತುಪ್ಪವನ್ನು ಯಾರೂ ನಾಲಿಗೆಗೆ ಇಡಬಾರದು, ಆ ತಟ್ಟಿಗಳನ್ನು ಜೇನು ಸಾಕುವ ಪೆಟ್ಟಿಗೆಗೂ ಕಟ್ಟಬಾರದು.

ಇನ್ನು ಯಂತ್ರ. ಜೇನುಹುಳ ಯಾವತ್ತೂ ಫ್ಯಾನಿನವರೆಗೆ ಹೋಗಬಾರದು. ಪೈಪಿಗೂ ಮೋಟಾರಿಗೂ ಮಧ್ಯೆ ಒಂದು ಡಬ್ಬ ಇರಬೇಕು, ಹುಳ ಅಲ್ಲೇ ಉಳಿಯಬೇಕು, ಗಾಳಿ ಮಾತ್ರ ಮುಂದೆ ಹೋಗಬೇಕು. 20 ಲೀಟರಿನ ಪೇಂಟ್ ಬಕೆಟ್ ಸಾಕು. ಚೆನ್ನಾಗಿ ತೊಳೆದು, ವಾಸನೆ ಹೋಗುವವರೆಗೆ ಬಿಸಿಲಿಗಿಡಿ. ಕಾರು ಗುಡಿಸುವ ಪುಟಾಣಿ ವ್ಯಾಕ್ಯೂಮ್ ತರಬೇಡಿ, ಅದು ಈ ಕೆಲಸಕ್ಕಲ್ಲ. ಪೈಪಿನೊಳಗೆ ಕಾಲುಚೀಲ ಸಿಕ್ಕಿಸಿ ಹುಳ ಹಿಡಿಯುವ ಉಪಾಯವನ್ನೂ ನೋಡಿದ್ದೇನೆ. ಕಾಲುಚೀಲ ತುಂಬಿದಂತೆ ಕೆಳಗಿನವು ಉಸಿರುಗಟ್ಟಿ ಸಾಯುತ್ತವೆ.

ಪೈಪು ಒಳಗಡೆ ನುಣುಪಾಗಿರಬೇಕು. ಸಿಂಕಿನ ಕೆಳಗೆ ಹಾಕುವ ಸುಕ್ಕುಸುಕ್ಕಿನ ವೇಸ್ಟ್ ಪೈಪಿನಲ್ಲಿ ರೆಕ್ಕೆ, ಕಾಲು ತರಚಿಹೋಗುತ್ತವೆ. ಪಂಪ್‌ಸೆಟ್ ಅಂಗಡಿಯ ಸಕ್ಷನ್ ಪೈಪ್ ಕೇಳಿ, ಒಳಗೆ ಕೈಯಾಡಿಸಿ ನೋಡಿ ತನ್ನಿ. ಒಂದೂವರೆ ಇಂಚಿನದು, ಆರಡಿ ಸಾಕು.

ಎಲ್ಲರೂ ಎಡವುವುದು ಎಳೆತದಲ್ಲಿ. ಮನೆಯ ವ್ಯಾಕ್ಯೂಮ್ ಇರುವುದು ಕಾರ್ಪೆಟ್ಟಿನ ಧೂಳು ಕೀಳಲು. ಅದನ್ನು ಹಾಗೇ ಜೋಡಿಸಿದರೆ ಹುಳ ಬಂದೂಕಿನ ಗುಂಡಿನ ಹಾಗೆ ಬಕೆಟ್ಟಿಗೆ ಬಡಿಯುತ್ತದೆ. ಅದಕ್ಕೇ ಬಕೆಟ್ಟಿನ ಪಕ್ಕದಲ್ಲಿ ಅಂಗೈ ಅರ್ಧದಷ್ಟು ಕಿಂಡಿ ಕೊಯ್ದು, ಒಳಗಿನಿಂದ ಸೊಳ್ಳೆಜಾಲರಿ ಅಂಟಿಸಿ, ಹೊರಗೆ ಜಾರಿಸುವ ಪ್ಲಾಸ್ಟಿಕ್ ಬಾಗಿಲು ಇಡಿ. ಬಾಗಿಲು ತೆರೆದಷ್ಟೂ ಗಾಳಿ ಅಲ್ಲಿಂದ ನುಗ್ಗಿ, ಪೈಪಿನ ಎಳೆತ ತಗ್ಗುತ್ತದೆ. ಶುರು ಮಾಡುವಾಗ ಪೂರ್ತಿ ತೆರೆದಿರಲಿ. ಆಮೇಲೆ ಕೂದಲೆಳೆಯಷ್ಟೇ ಮುಚ್ಚುತ್ತಾ ಬನ್ನಿ.

ಎಷ್ಟು ಎಳೆತ ಸರಿ ಅಂತ ತಿಳಿಯುವುದು ಹೇಗೆ? ನಾನು ಕಡ್ಲೆಪುರಿ ಬಳಸುತ್ತೇನೆ. ಒಂದು ಹಿಡಿ ಪುರಿಯನ್ನು ಪೈಪಿಗೆ ಕೊಡಿ. ಬಕೆಟ್ಟಿನೊಳಗೆ ಟಪಟಪ ಸದ್ದು ಬಂದರೆ ಎಳೆತ ಜಾಸ್ತಿ. ಮುಚ್ಚಳ ತೆಗೆದಾಗ ಪುರಿ ತಳದಲ್ಲಿ ಸುಮ್ನೆ ಬಿದ್ದಿರಬೇಕು. ಜಾಲರಿಗೆ ಅಂಟಿಕೊಂಡಿರಬಾರದು, ಪುಡಿಯಾಗಿರಬಾರದು. ಪೈಪಿನ ಬಾಯಿಗೆ ಅಂಗೈ ಇಟ್ಟರೆ ಚರ್ಮ ಒಳಗೆ ಹೀರಿಕೊಂಡು ಗುರುತು ಉಳಿಯುವಂತಿದ್ದರೂ ತಪ್ಪೇ. ನಿಜವಾದ ಹುಳ ಪುರಿಯ ಹಾಗಲ್ಲ, ಕಾಲೂರಿ ಹಿಡಿದುಕೊಳ್ಳುತ್ತದೆ. ಹಿಡಿತ ಬಿಡಿಸುವಷ್ಟು ಎಳೆತ ಇದ್ದರೆ ಸಾಕು. ಮೊದಲು ಹತ್ತಿಪ್ಪತ್ತು ಹುಳ ಎಳೆದು, ಮೋಟಾರ್ ನಿಲ್ಲಿಸಿ, ಜಾಲರಿಯಿಂದ ನೋಡಿ. ಓಡಾಡುತ್ತಿದ್ದರೆ ಮುಂದುವರಿಯಿರಿ.

ಮುಚ್ಚಳದಲ್ಲಿ ಮೋಟಾರಿನ ಕಡೆ ಹೋಗುವ ತೂತಿಗೆ ಬರೀ ತೂತಿನಷ್ಟೇ ಜಾಲರಿ ಹಾಕುವುದು ಇನ್ನೊಂದು ತಪ್ಪು. ಅಷ್ಟು ಚಿಕ್ಕ ಜಾಗದಲ್ಲಿ ಗಾಳಿ ಜೋರಾಗಿ ಹೋಗಿ ಹುಳುಗಳನ್ನು ಅಲ್ಲೇ ಒತ್ತಿ ಹಿಡಿಯುತ್ತದೆ. ಮುಚ್ಚಳದಿಂದ ನಾಲ್ಕು ಬೆರಳು ಕೆಳಗೆ ಬಕೆಟ್ಟಿನ ಅಗಲಕ್ಕೂ ಜಾಲರಿ ಕಟ್ಟಿ. ಪೈಪು ಜಾಲರಿಯ ಕೆಳಗೆ ಬಂದು ಸೇರಲಿ. ಅದರ ಎದುರು ಗೋಡೆಗೆ ಸ್ಪಂಜಿನ ತುಂಡು ಅಂಟಿಸಿ.

ಸಂಜೆ ನಾಲ್ಕರ ಮೇಲೆ ಕೆಲಸ ಶುರು ಮಾಡಿ. ಕತ್ತಲಾಗುವ ಹೊತ್ತಿಗೆ ಮೇಯಲು ಹೋದವೂ ಮರಳಿರುತ್ತವೆ. ಮುಖಪರದೆ, ಉದ್ದ ತೋಳಿನ ಅಂಗಿ ಬೇಕೇ ಬೇಕು. ಕಚ್ಚಿಸಿಕೊಂಡವರಿಗೆ ಉಸಿರಾಟ ಕಷ್ಟವಾದರೆ, ಮುಖ ಊದಿಕೊಂಡರೆ ಮನೆಮದ್ದು ಅಂತ ಕೂರದೆ ತಕ್ಷಣ ಆಸ್ಪತ್ರೆಗೆ ಹೋಗಿ.

ಹೊಗೆ ಕಮ್ಮಿ ಇರಲಿ. ಹೊಗೆ ಕಂಡರೆ ಹುಳ ಹೊಟ್ಟೆತುಂಬ ತುಪ್ಪ ಹೀರಿಕೊಳ್ಳುತ್ತದೆ. ಎಳೆತದ ಗಾಬರಿಗೆ ಅದನ್ನೇ ಬಕೆಟ್ಟಿನಲ್ಲಿ ಕಕ್ಕುತ್ತದೆ. ಚಿಕ್ಕಮ್ಮನ ಮನೆಯ ಎಳ್ಳು–ಪಾಕ ಆದದ್ದು ಹೀಗೇ. ತುಪ್ಪದ ತಟ್ಟಿ ಒಡೆದು ಪೈಪಿಗೆ ತುಪ್ಪ ಹೋದರೂ ಅಷ್ಟೇ. ಪೈಪ್ ಅಂಟಂಟಾದರೆ ನಿಲ್ಲಿಸಿ, ತೊಳೆದು ಒಣಗಿಸಿ.

ತಟ್ಟಿಗಳನ್ನು ಒಂದೊಂದಾಗಿ ಚಾಕುವಿನಿಂದ ಬಿಡಿಸಿ. ಕೈಯಿಂದ ಆಗುವಷ್ಟು ಕೈಯಿಂದಲೇ ಆಗಲಿ. ಗೂಡು ಅಲುಗಿದರೆ ತುಡುವೆ ತಟ್ಟಿ ಬಿಟ್ಟು ಓಡಿ ಮೂಲೆಯಲ್ಲಿ ಗುಂಪಾಗುತ್ತದೆ. ಪೈಪ್ ಹಿಡಿಯಬೇಕಾದ್ದು ಆ ಮೂಲೆಗೆ. ಮೊದಲು ರಾಣಿಯನ್ನು ಹುಡುಕಿ. ಉಳಿದವಕ್ಕಿಂತ ಕಪ್ಪು, ಉದ್ದ ಹೊಟ್ಟೆ, ಬೆಳಕು ಬಿದ್ದರೆ ಓಡುತ್ತಾಳೆ. ಸಿಕ್ಕರೆ ರಾಣಿ ಪಂಜರಕ್ಕೆ (ರಾಣಿಯನ್ನು ಕೂಡಿಡುವ ಪುಟ್ಟ ಡಬ್ಬಿ) ಹಾಕಿ, ಪೈಪಿನಲ್ಲಿ ಎಳೆಯಬೇಡಿ.

ಬಕೆಟ್ಟಿನಲ್ಲಿ ಹುಳ ತುಂಬಾ ಹೊತ್ತು ಇರಬಾರದು. ಸಾವಿರಾರು ಹುಳ ಒಂದೆಡೆ ಸೇರಿದರೆ ಬಿಸಿ ಏರುತ್ತದೆ. ಮೋಟಾರ್ ನಿಂತ ಕೂಡಲೇ ಕಿಂಡಿಯ ಬಾಗಿಲು ಪೂರ್ತಿ ತೆರೆದು ನೆರಳಲ್ಲಿಡಿ.

ಪೆಟ್ಟಿಗೆಗೆ ಕೂರಿಸುವುದು ಸುಲಭ. ಮರಿಯಿರುವ ತಟ್ಟಿಗಳನ್ನು ಗೂಡಿನಲ್ಲಿ ಹೇಗೆ ನೇತಾಡುತ್ತಿದ್ದವೋ ಹಾಗೇ, ತಲೆಕೆಳಗಾಗದಂತೆ, ಬಾಳೆನಾರಿನಿಂದ ಫ್ರೇಮಿಗೆ ಕಟ್ಟಿ. ತುಪ್ಪದ ತಟ್ಟಿ ಕಟ್ಟಬೇಡಿ, ಸೋರಿ ಇರುವೆ ಬರುತ್ತದೆ. ಪಂಜರದ ರಾಣಿಯನ್ನು ಮಧ್ಯಕ್ಕಿಟ್ಟು, ಕತ್ತಲಾದ ಮೇಲೆ ಹುಳುಗಳನ್ನು ಮೇಲಿನಿಂದ ಸುರಿಯಿರಿ. ಪೆಟ್ಟಿಗೆ ಹಳೇ ಜಾಗದಿಂದ ಎರಡು ಕಿಲೋಮೀಟರಾದರೂ ಆಚೆ ಇರಲಿ, ಇಲ್ಲದಿದ್ದರೆ ಮೇಯುವ ಹುಳ ಹಳೇ ಗೋಡೆಗೇ ಹೋಗಿ ಸುತ್ತುತ್ತವೆ. ತೆಂಗಿನ ತೋಟ ಸಿಕ್ಕರೆ ಒಳ್ಳೆಯದು, ವರ್ಷವಿಡೀ ಹೂವಿರುತ್ತದೆ.

ಮಾರನೇ ದಿನ ರಾಣಿಯನ್ನು ಪಂಜರದಿಂದ ಬಿಡಿ. ತುಡುವೆ ಮುನಿಸಿಕೊಂಡರೆ ಗೂಡು ಬಿಟ್ಟು ಹೊರಟೇ ಹೋಗುತ್ತದೆ, ಅದಕ್ಕೆ ನಾಲ್ಕೈದು ದಿನ ಬಾಗಿಲಿಗೆ ರಾಣಿ ತಡೆ (ಕೆಲಸದ ಹುಳ ದಾಟುವ, ರಾಣಿ ದಾಟಲಾಗದ ಸಂದಿಯ ಪಟ್ಟಿ) ಹಾಕಿ. ಮೆಲ್ಲಿಫೆರಾ ಅನ್ನುವ ದೊಡ್ಡ ವಿದೇಶಿ ಜೇನಿಗೆಂದು ಮಾಡಿದ ತಡೆ ಕೊಟ್ಟು ಕಳಿಸುವ ಅಂಗಡಿಯವರೂ ಇದ್ದಾರೆ. ಅದರ ಸಂದಿ ದೊಡ್ಡದು, ನಮ್ಮ ರಾಣಿ ನುಸುಳಿಬಿಡುತ್ತಾಳೆ. ಸಂಜೆ ಹೊತ್ತು ಚಿಪ್ಪಿನಲ್ಲಿ ಸಕ್ಕರೆ ನೀರಿಡಿ, ಹುಳ ಮುಳುಗದಂತೆ ನಾಲ್ಕು ಕಡ್ಡಿ ತೇಲಿಬಿಡಿ.

ಹಳೇ ಜಾಗದ ಮೇಣವನ್ನೆಲ್ಲ ಕೆರೆದು, ತೂತಿಗೆ ಸಿಮೆಂಟ್ ಗಾರೆ ಮೆತ್ತಿ. ಮೇಣದ ವಾಸನೆ ಉಳಿದರೆ ಬೇರೆ ಹಿಂಡು ಹುಡುಕಿಕೊಂಡು ಬರುತ್ತದೆ. ಹಳೇ ಬಟ್ಟೆ ತುರುಕಿ ಸುಮ್ಮನಾದರೆ ಮುಂದಿನ ಹೊಂಗೆ ಹೂವಿನ ಹೊತ್ತಿಗೆ ಮತ್ತೆ ಫೋನ್ ಬರುತ್ತದೆ. ಚಿಕ್ಕಮ್ಮನ ಮನೆಯಿಂದ ನನಗೆ ಎರಡು ಸಲ ಬಂದಿದೆ.